ಮುತ್ತಿನ ಮುಳುಗಾರರು ಮತ್ತು ನಮ್ಮ ಈಜು ಕ್ಲಬ್ಬು

ಅರಾದಿನಲ್ಲಿದ್ದುಕೊಂಡು ಈಜು ಕ್ಲಬ್ಬಿಗೆ ಸೇರಿದೆ ಅಂದ್ರೆ ಊರಲ್ಲಿ ನಗ್ತಾರೆ. "ಸುತ್ತ ಸಮುದ್ರ ಇಟ್ಕೊಂಡು ದುಡ್ಡು ಕೊಟ್ಟು ಈಜ್ತೀಯಾ?" ಅಂತ. ಒಳ್ಳೆ ಪ್ರಶ್ನೆನೇ. ಉತ್ತರಕ್ಕೆ ಸ್ವಲ್ಪ ಚರಿತ್ರೆ ಬೇಕು.

ನಾವಿರುವ ಮುಹರಕ್ ದ್ವೀಪವನ್ನು ಹಳೆಯ ಗ್ರೀಕರು ಅರಾದೋಸ್ ಅಂತ ಕರೆದಿದ್ದರು. ಈ ಕಡಲಿನ ಖ್ಯಾತಿಯೆಲ್ಲ ಮುತ್ತಿನದು. ಬೇಸಿಗೆಯ ಸುಮಾರು ನಾಲ್ಕು ತಿಂಗಳು ಗಂಡಸರು ದೋಣಿಯಲ್ಲೇ ಇರುತ್ತಿದ್ದರು. ಮುಳುಗುವವನು 'ಗೈಸ್'. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲಿನ ಭಾರ, ಕೊರಳಿಗೆ ಬುಟ್ಟಿ. ಒಂದೇ ಉಸಿರಲ್ಲಿ ತಳ ಮುಟ್ಟಿ ಚಿಪ್ಪು ಆರಿಸಬೇಕು. ಅವನು ಹಗ್ಗ ಜಗ್ಗಿದ ತಕ್ಷಣ ಮೇಲಿದ್ದ 'ಸೈಬ್' ಎಳೆದುಕೊಳ್ಳಬೇಕು. ತಡವಾದರೆ? ನೀವೇ ಊಹಿಸಿ. ದೋಣಿಯ ಯಜಮಾನ 'ನಾಖುದಾ'. (ನಮ್ಮ ಭಟ್ಕಳದ ಕಡೆ ಈ ಹೆಸರಿನ ಮನೆತನಗಳೇ ಇವೆ!)

ಇಷ್ಟು ಕೇಳಿದರೆ ಸಾಹಸ ಅನ್ಸುತ್ತೆ. ಆದರೆ ಅವರನ್ನು ನೀರಿಗಿಳಿಸಿದ್ದು ಸಾಲ. ಸೀಸನ್ನಿಗೆ ಮುಂಚೆ ಮುಂಗಡ, ಫಸಲು ಕಡಿಮೆಯಾದರೆ ಬಾಕಿ, ಬಾಕಿಗೆ ಮತ್ತೆ ಮುಂದಿನ ವರ್ಷದ ಡೈವಿಂಗು. ಅಪ್ಪ ಸತ್ತರೆ ಸಾಲ ಮಗನಿಗೆ. 1920ರ ದಶಕದಲ್ಲಿ ಸರಕಾರ ಪ್ರತಿ ಮುಳುಗಾರನಿಗೂ ಲೆಕ್ಕದ ಪುಸ್ತಕ ಕೊಡಿಸಿತು. ಒಳ್ಳೆಯದೇ, ಆದರೆ ಸುಧಾರಣೆಯ ಜೊತೆಗೇ ಮುಂಗಡಕ್ಕೂ ಮಿತಿ ಬಂತು. ಮನೆಯಲ್ಲಿ ಅಕ್ಕಿ ಇಲ್ಲದವನಿಗೆ ಲೆಕ್ಕದ ಪುಸ್ತಕ ಕಟ್ಕೊಂಡು ಏನಾಗಬೇಕು? 1932ರಲ್ಲಿ ಮುಳುಗಾರರು ದಂಗೆ ಎದ್ದರು. ಅಷ್ಟರಲ್ಲಿ ಜಪಾನಿನ ಕೃಷಿ ಮುತ್ತು ಮತ್ತು 1929ರ ಆರ್ಥಿಕ ಕುಸಿತ ಸೇರಿ ಮುತ್ತಿನ ಬೆಲೆಯನ್ನೇ ಮುಳುಗಿಸಿದ್ದವು. ಅದೇ 1932ರಲ್ಲಿ ಇಲ್ಲಿ ತೈಲ ಸಿಕ್ಕಿತು, ಗೈಸ್‌ಗಳು ತೈಲ ಕಂಪನಿಯ ಕೂಲಿಗೆ ಹೋದರು. ಮುಹರಕ್‌ನ ಮುತ್ತಿನ ವರ್ತಕರ ಮನೆಗಳು 2012ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಸಾಲಗಾರರ ಗುಡಿಸಲುಗಳು ಉಳಿಯುವುದು ಕಷ್ಟ, ಬಿಡಿ.

ಇನ್ನು ನಮ್ಮ ಕ್ಲಬ್ಬಿನ ವಂಶಾವಳಿ ಬೇರೆಯೇ. ದೊಡ್ಡವರು ಬರೀ ಆರೋಗ್ಯಕ್ಕಾಗಿ ಈಜಿ, ಸ್ಪರ್ಧಿಸಬಹುದು ಅನ್ನೋ ಯೋಚನೆಯನ್ನು ಬೆಳೆಸಿದವರು ಅಮೆರಿಕದ ನೌಕಾಪಡೆಯ ವೈದ್ಯ ರ‍್ಯಾನ್ಸಮ್ ಆರ್ಥರ್. ಸ್ಪರ್ಧೆ ಕಣ್ಣೆದುರಿಗಿದ್ದರೆ ಜನ ವ್ಯಾಯಾಮ ಬಿಡೋದಿಲ್ಲ ಅನ್ನೋದು ಅವರ ಲೆಕ್ಕ. 1970ರ ಮೇ ತಿಂಗಳಲ್ಲಿ ಟೆಕ್ಸಾಸಿನ ಅಮರಿಲ್ಲೋದಲ್ಲಿ ಮೊದಲ 'ಮಾಸ್ಟರ್ಸ್' ರಾಷ್ಟ್ರೀಯ ಕೂಟ ನಡೆಯಿತು, 1986ರಲ್ಲಿ ಟೋಕಿಯೋದಲ್ಲಿ ಮೊದಲ ವಿಶ್ವಕೂಟ. ಇಪ್ಪತ್ತೈದು ತುಂಬಿದರೆ ನೀವು ಮಾಸ್ಟರ್! ಐದೈದು ವರ್ಷಕ್ಕೊಂದು ವಯೋವರ್ಗ ಇರೋದ್ರಿಂದ ಎಪ್ಪತ್ತರವರೂ ಪದಕಕ್ಕೆ ಈಜ್ತಾರೆ. ಇಡೀ ದಿನ ಕೋಡ್ ಬರೆದು ಬೆನ್ನು ಬಗ್ಗಿದ ನನಗೆ ಇದಕ್ಕಿಂತ ಸಮಾಧಾನ ಬೇಕೇ :-)

ನಮ್ಮ ಲೇನಿನಲ್ಲಿ ಮಲಯಾಳಿ, ಫಿಲಿಪಿನೋ, ಸ್ಥಳೀಯರು ಎಲ್ಲ ಇದ್ದಾರೆ. ಒಬ್ಬ ಹಿರಿಯರ ಅಜ್ಜ ಸೈಬ್ ಆಗಿದ್ದರಂತೆ. ಮನೆಯಲ್ಲಿ ಯಾರೂ ಮಕ್ಕಳನ್ನು ಕಡಲಿಗೆ ಇಳಿಯಲು ಬಿಡುತ್ತಿರಲಿಲ್ಲವಂತೆ. ಅವರು ಈಜು ಕಲಿತದ್ದು ಐವತ್ತರ ಮೇಲೆ, ಇದೇ ಕ್ಲೋರಿನ್ ನೀರಿನಲ್ಲಿ.