ಮುತ್ತು ಕಟ್ಟಿಸಿಕೊಂಡವರೇ ಕಟ್ಟಿದ ಸಂಸ್ಥೆ

ದೇವದಾಸಿ ಪದ್ಧತಿಯ ವಿಷಯದಲ್ಲಿ ಬೆಳಗಾವಿ ಸೀಮೆಗೆ ಕಾನೂನಿನ ಬರ ಎಂದೂ ಇರಲಿಲ್ಲ. ಮುಂಬೈ ಪ್ರಾಂತ್ಯದಲ್ಲಿ 1934ರಷ್ಟು ಹಿಂದೆಯೇ ಕಾಯ್ದೆ ಬಂತು. ಹೆಣ್ಣುಮಗಳನ್ನು ದೇವರಿಗೆ ಬಿಡುವುದು ಅಪರಾಧ, ಹಾಗೆ ಬಿಟ್ಟ ಹೆಣ್ಣು ಮದುವೆಯಾದರೆ ಆ ಮದುವೆ ಊರ್ಜಿತ ಎಂದು ಅದು ಸಾರಿತು. ಸವದತ್ತಿ, ಬೈಲಹೊಂಗಲ, ಕಿತ್ತೂರು ಆ ಪ್ರಾಂತ್ಯದೊಳಗಿದ್ದವು. ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ಅಷ್ಟೇನೂ ದೂರವಿಲ್ಲದ ರಾಮದುರ್ಗ ಮಾತ್ರ ಆಗ ಬೇರೆ ಸಂಸ್ಥಾನ. ಮುಂಬೈ ಶಾಸನಸಭೆಯ ಮಾತು ಅಲ್ಲಿ ತಾನಾಗಿ ನಡೆಯುವಂತಿರಲಿಲ್ಲ. ಆದರೆ ಕಾಯ್ದೆ ಇದ್ದ ಊರಿಗೂ ಇಲ್ಲದ ಊರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1982ರ ಕರ್ನಾಟಕದ ಕಾಯ್ದೆ ಇನ್ನೂ ಬಿಗಿಯಾಗಿತ್ತು. ಮುತ್ತು ಕಟ್ಟಿಸಿ ಹೆಣ್ಣನ್ನು ದೇವರಿಗೆ ಬಿಟ್ಟವರಿಗೆ 3 ವರ್ಷದವರೆಗೆ ಜೈಲು, ಹೆತ್ತವರೋ ಬಂಧುಗಳೋ ಆದರೆ 5 ವರ್ಷದವರೆಗೆ. ಅದರಿಂದ ಆದದ್ದೇನು? ಗುಡ್ಡದ ಮೇಲೆ ನಡೆಯುತ್ತಿದ್ದ ಶಾಸ್ತ್ರ ಮನೆಯ ಮೂಲೆಗೆ ಸರಿಯಿತು. ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಪೊಲೀಸರಿಗೆ ಹೇಗೆ ಗೊತ್ತಾಗಬೇಕು?

ಗೊತ್ತಾಗುವುದು ಅದೇ ಓಣಿಯ ಹೆಣ್ಣುಮಕ್ಕಳಿಗೆ. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ‘ಮಾಸ್’, ಹುಟ್ಟಿದ್ದು ಈ ತಿಳಿವಳಿಕೆಯಿಂದ. 1990ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಜೊತೆಗೂಡಿ ಘಟಪ್ರಭೆಯಲ್ಲಿ ದೇವದಾಸಿ ಪುನರ್ವಸತಿ ಕೆಲಸಕ್ಕೆ ಕೈಹಾಕಿತ್ತು. ಅದರಲ್ಲಿ ಬೆಳೆದ ಮಹಿಳೆಯರದೇ ಸಂಸ್ಥೆಯಾಗಿ 1997ರಲ್ಲಿ ಮಾಸ್ ನಿಂತಿತು. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು ಅದಕ್ಕೂ ಮೊದಲೇ ದೇವದಾಸಿಯರ ಮಕ್ಕಳ ಓದಿಗಾಗಿ ವಿಮೋಚನಾ ಸಂಘ ಕಟ್ಟಿದ್ದರು. ಅವರ ಹೆಸರು ಹೇಳದೆ ಈ ಜಿಲ್ಲೆಯ ಕಥೆ ಪೂರ್ತಿಯಾಗದು. ಆದರೂ ಮಾಸ್‌ನ ಬಗೆ ಬೇರೆ. ಇಲ್ಲಿ ಅಧಿಕಾರದ ಕುರ್ಚಿಯಲ್ಲಿ ಕುಳಿತವರೇ ಹಿಂದೆ ಕೊರಳಿಗೆ ಮುತ್ತು ಕಟ್ಟಿಸಿಕೊಂಡಿದ್ದವರು.

ಅವರಲ್ಲಿ ಸೀತವ್ವ ಜೋಡಟ್ಟಿ ಒಬ್ಬರು. ಚಿಕ್ಕೋಡಿ ಕಡೆಯ ಕಬ್ಬೂರಿನ ದಲಿತ ಮನೆಯ ಮಗಳು. ಏಳನೇ ವಯಸ್ಸಿಗೇ ದೇವರಿಗೆ ಬಿಟ್ಟರು. ಗಂಡುಮಗ ಇಲ್ಲದ ಮನೆಯಲ್ಲಿ ಹೆಣ್ಣೊಂದನ್ನು ಹೀಗೆ ಉಳಿಸಿಕೊಂಡು ಮುಪ್ಪಿಗೆ ಆಸರೆ ಮಾಡಿಕೊಳ್ಳುವುದು ಈ ಭಾಗದಲ್ಲಿ ಹೊಸದಲ್ಲ. ಭಕ್ತಿ ಎಷ್ಟು ಕಾರಣವೋ ಬಡತನವೂ ಅಷ್ಟೇ ಕಾರಣ. ಶಾಲೆಯ ಭಾಗ್ಯ ಸಿಗದ ಸೀತವ್ವ ಪುನರ್ವಸತಿ ಕೆಲಸಕ್ಕೆ ಸೇರಿ, ಊರೂರು ತಿರುಗಿ ಸಂಘ ಕಟ್ಟಿ, ಮುಂದೆ ಮಾಸ್‌ನ ಮುಖ್ಯ ಕಾರ್ಯನಿರ್ವಾಹಕಿಯಾದರು. 2018ರಲ್ಲಿ ಪದ್ಮಶ್ರೀ ಬಂತು.

ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಸಂಘದ ಲೆಕ್ಕದ ಪುಸ್ತಕ. ದೇವರಿಗೆ ಬಿಟ್ಟ ಜೋಗತಿಯ ಬದುಕು ನಡೆಯುತ್ತಿದ್ದುದು ಎರಡು ದಾರಿಯಿಂದ. ಮಂಗಳವಾರ, ಶುಕ್ರವಾರ ಪಡ್ಡಲಗಿ ಬುಟ್ಟಿ ಹಿಡಿದು ಐದು ಮನೆಯ ಜೋಗ ಬೇಡುವುದು ಒಂದು. ಉಳಿದ ದಿನ ಹೊಲದ ಕೂಲಿ. ಕಷ್ಟಕಾಲದಲ್ಲಿ ಕೈಗಡ ಕೊಡುವ ಧಣಿಯೇ ಅವಳ ಮೈಯ ಮೇಲೂ ಹಕ್ಕು ಸಾಧಿಸುತ್ತಿದ್ದ. ಹೀಗಾಗಿ ಮುತ್ತು ಹರಿಯುವುದಕ್ಕೆ ಮೊದಲು ಸಾಲ ಹರಿಯಬೇಕಿತ್ತು. ವಾರಕ್ಕೊಮ್ಮೆ ನಾಲ್ಕು ಕಾಸು ಉಳಿತಾಯ, ಅದರ ಮೇಲೆ ಬ್ಯಾಂಕಿನ ಸಾಲ, ಆ ಸಾಲದಲ್ಲಿ ಆಡು, ಎಮ್ಮೆ, ಹೊಲಿಗೆ ಯಂತ್ರ, ಕಿರಾಣಿ ಅಂಗಡಿ. ದೇವದಾಸಿ ಪದ್ಧತಿಯ ಬಗ್ಗೆ ಬರೆದವರು ಧರ್ಮ, ನೀತಿ ಎಂದೇ ಹೆಚ್ಚು ಬರೆದಿದ್ದಾರೆ. ಇದು ದುಡಿಯುವ ಹೆಂಗಸಿನ ದಗದ, ಕೂಲಿ, ಸಾಲಗಳ ಪ್ರಶ್ನೆ ಎಂದು ಲೆಕ್ಕ ಹಾಕಿ ತೋರಿಸಿದ್ದು ಈ ಸಂಘಗಳು.

ಗುಡ್ಡದ ಕೆಲಸ ಇನ್ನೊಂದು ಬಗೆಯದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಚಕ್ಕಡಿ, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ, ‘ಉಧೋ ಉಧೋ’ ಎನ್ನುವ ಕೂಗಿಗೆ ಭಂಡಾರ ಹಾರುತ್ತದೆ. ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಹತ್ತುವವರ ನಡುವೆ, ತಲೆಯಲ್ಲಿ ಜಡೆ ಕಟ್ಟಿದ ಹುಡುಗಿಯೊಬ್ಬಳು ಕಂಡರೆ ಸಾಕು, ಅನುಭವಸ್ಥರ ಕಣ್ಣು ಅಲ್ಲಿ ನಿಲ್ಲುತ್ತದೆ. ಜಡೆ ಬಂದರೆ ತಾಯಿ ಯಲ್ಲಮ್ಮ ಕರೆದಳೆಂದು ನಂಬಿಕೆ. ಎಣ್ಣೆ, ನೀರು ಕಾಣದ ಕೂದಲು ಗಂಟಾಗಿ, ಅದರ ಮೇಲೆ ಭಂಡಾರ ಕೂತು ಹಗ್ಗದಂತಾಗುತ್ತದೆ. ತೊಳೆದು, ಬಿಡಿಸಿ, ಬಾರದಿದ್ದರೆ ಕತ್ತರಿಸಬೇಕು. ಡಾಕ್ಟರು ಹೇಳಿದರೆ ಮನೆಯವರು ಕೇಳುವುದಿಲ್ಲ, ತಾಯಿ ಮುನಿದಾಳೆಂಬ ಭಯ. ಒಂದು ಕಾಲಕ್ಕೆ ಜಡೆ ಹೊತ್ತು, ಅದನ್ನು ತೆಗೆಸಿಕೊಂಡು ಗಟ್ಟಿಮುಟ್ಟಾಗಿ ಎದುರಿಗೆ ನಿಂತವಳು ಹೇಳಿದರೆ ಕೇಳುತ್ತಾರೆ. ಯಲ್ಲಮ್ಮನನ್ನು ಬಿಡು ಎಂದು ಅವಳೂ ಹೇಳುವುದಿಲ್ಲ. ಹಡಲಿಗಿ ತುಂಬಿಸು, ಮಗಳನ್ನು ಮಾತ್ರ ಬಿಡಬೇಡ ಎನ್ನುತ್ತಾಳೆ. ಈ ವಿವೇಕ ಯಾವ ಸುತ್ತೋಲೆಯಲ್ಲೂ ಇಲ್ಲ.

ಅಂದಹಾಗೆ, ಹೆಣ್ಣು ಆಳಿದ್ದಕ್ಕೆ ಹೆಮ್ಮೆಪಡುವ ಸೀಮೆ ಇದು. ಕಿತ್ತೂರಲ್ಲಿ ಚೆನ್ನಮ್ಮನ ಉತ್ಸವ, ಬೈಲಹೊಂಗಲದಲ್ಲಿ ಅವಳ ಸಮಾಧಿ. ಸವದತ್ತಿಯ ಗುಡ್ಡಕ್ಕೆ ಮಕ್ಕಳನ್ನು ಕರೆದೊಯ್ದ ಚಕ್ಕಡಿಗಳೂ ಇದೇ ಊರುಗಳನ್ನು ಹಾದು ಹೋದವು. ಈ ಸೀಮೆಯ ಕಥೆಯಲ್ಲಿ ಒಂದನ್ನು ಬರೆದು ಇನ್ನೊಂದನ್ನು ಬಿಡುವುದು ಸರಿಯಲ್ಲ.

ಸರ್ಕಾರ 1993–94ರಲ್ಲಿ ಮತ್ತು 2007–08ರಲ್ಲಿ ಸಮೀಕ್ಷೆ ಮಾಡಿ 14 ಜಿಲ್ಲೆಗಳಲ್ಲಿ 46,660 ಮಾಜಿ ದೇವದಾಸಿಯರನ್ನು ಪಟ್ಟಿ ಮಾಡಿತು. ಮಾಸಾಶನ, ಮನೆ, ಸಾಲ ಎಲ್ಲಕ್ಕೂ ಆ ಪಟ್ಟಿಯೇ ಆಧಾರವಾಯಿತು. ಪಟ್ಟಿ ಬರೆಯುವ ದಿನ ಕಬ್ಬು ಕಡಿಯಲು ಪರವೂರಿಗೆ ಹೋದವಳು, ನಾಚಿಕೆಗೆ ಹೆಸರು ಹೇಳದವಳು ಹೊರಗೆ ಉಳಿದಳು. 1982ರ ಕಾಯ್ದೆ ಬಂದ ಮೇಲೆ ಮುತ್ತು ಕಟ್ಟಿಸಿಕೊಂಡವಳ ಪಾಡು ಇನ್ನೂ ಬಿಕ್ಕಟ್ಟಿನದು: ಹೌದೆಂದರೆ ಹೆತ್ತವರು ಅಪರಾಧಿಗಳು, ಅಲ್ಲವೆಂದರೆ ಸೌಲಭ್ಯವಿಲ್ಲ. 2025ರಲ್ಲಿ ವಿಧಾನಮಂಡಲದ ಮುಂದೆ ಬಂದ ಹೊಸ ಮಸೂದೆ ತಂದೆಯ ಹೆಸರಿನ ಕಡ್ಡಾಯದಿಂದ ಮಕ್ಕಳನ್ನು ಬಿಡಿಸುವ ಮಾತಾಡಿತು. ಶಾಲೆಯ ಅರ್ಜಿಯಲ್ಲಿ ಆ ಒಂದು ಸಾಲಿನ ಮುಂದೆ ತಡವರಿಸಿದ ಮಕ್ಕಳು ಈಗ ತಾವೇ ತಾಯಂದಿರಾಗಿದ್ದಾರೆ. ಪಟ್ಟಿಯ ಹೊರಗುಳಿದವರ ದಾಖಲೆ ಕೂಡಿಸಿ, ಅರ್ಜಿ ಬರೆಸಿ, ತಾಲ್ಲೂಕು ಕಚೇರಿಗೆ ಎಡತಾಕುವ ಕೆಲಸ ಸಂಘದ ಹೆಣ್ಣುಮಕ್ಕಳಿಗೆ ಇನ್ನೂ ಬಾಕಿ ಇದೆ.