ಶೇಂದಿ ಅಂಗಡಿಯ ಸಂಜೆ: ಹಾವೇರಿ ಸೀಮೆಯ ಕುಡಿತದ ತಾಣ ಮತ್ತು ಹಾಡು

ಹಾವೇರಿ, ಬ್ಯಾಡಗಿ ಮತ್ತು ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಹರಿಹರ ರೈಲುಮಾರ್ಗದ ನಿಲ್ದಾಣಗಳು. ಹತ್ತಿ ಹಾಗೂ ಮೆಣಸಿನಕಾಯಿಯ ವಹಿವಾಟಿನಿಂದ ಬೆಳೆದ ಈ ಪೇಟೆಗಳಿಗೆ ಸುತ್ತಲಿನ ಹಳ್ಳಿಗಳ ರೈತರು, ಚಕ್ಕಡಿ ಹೊಡೆಯುವವರು ಮತ್ತು ಹಮಾಲರು ಸಂತೆಯ ದಿನ ಬಂದು ಸೇರುತ್ತಿದ್ದರು. ಈ ದುಡಿಯುವ ಜನರ ಸಂಜೆಯ ಇತಿಹಾಸವನ್ನು ಬರೆಯಹೊರಟರೆ ಕುಡಿತದ ಅಂಗಡಿಯನ್ನೂ ಹಾಡಿನ ಮೇಳವನ್ನೂ ಜೊತೆಯಾಗಿಯೇ ನೋಡಬೇಕಾಗುತ್ತದೆ. ಈ ಭಾಗದಲ್ಲಿ ಈಚಲು ಮರದ ಹುಳಿತ ರಸಕ್ಕೆ ಶೇಂದಿ ಎಂದೂ, ಭಟ್ಟಿ ಇಳಿಸಿದ ಮದ್ಯಕ್ಕೆ ಸೆರೆ ಅಥವಾ ಸಾರಾಯಿ ಎಂದೂ ಹೆಸರು; ಇವೆರಡರ ನಡುವಿನ ವ್ಯತ್ಯಾಸ ನಾಲಿಗೆಯ ರುಚಿಗೆ ಮಾತ್ರ ಸಂಬಂಧಿಸಿದ್ದಲ್ಲ, ಜನ ಒಂದೆಡೆ ಕೂಡುವ ಬಗೆಗೂ ಸಂಬಂಧಿಸಿದ್ದು.

ಈಚಲಿನ ತಲೆಯ ಭಾಗವನ್ನು ಕೆತ್ತಿ ಅಲ್ಲಿ ಗಡಿಗೆ ಕಟ್ಟಿದರೆ ರಾತ್ರಿಯೆಲ್ಲ ರಸ ಇಳಿಯುತ್ತದೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಹುಳಿಯದೆ ಸಿಹಿಯಾದ ನೀರಾ ಆಗಿ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿನ ಹಾಗೂ ಗಡಿಗೆಯಲ್ಲಿನ ಹುದುಗಿನ ಜೀವಾಣುಗಳಿಂದ ಕೆಲವೇ ತಾಸುಗಳಲ್ಲಿ ಹುಳಿತು ಅಮಲೇರಿಸುವ ಶೇಂದಿಯಾಗುತ್ತದೆ, ಇನ್ನೂ ಹೆಚ್ಚು ಹೊತ್ತು ಇಟ್ಟರೆ ಕುಡಿಯಲಾಗದಷ್ಟು ಹುಳಿಯಾಗುತ್ತದೆ. ಆದ್ದರಿಂದ ಶೇಂದಿಯನ್ನು ಸಂಗ್ರಹಿಸಿಡಲು ಬರುತ್ತಿರಲಿಲ್ಲ, ದೂರದ ಊರಿಗೆ ಸಾಗಿಸಲೂ ಬರುತ್ತಿರಲಿಲ್ಲ. ಇಳಿಸಿದ ದಿನವೇ, ಮರಗಳಿಗೆ ಹತ್ತಿರದಲ್ಲೇ, ಹಲವರು ಒಟ್ಟಿಗೆ ಕುಳಿತು ಅದನ್ನು ಮುಗಿಸಬೇಕಿತ್ತು. ಕೂಡಿ ಕುಡಿಯುವ ಈ ಪದ್ಧತಿಗೆ ಜನರ ಸ್ವಭಾವದಷ್ಟೇ ಆ ರಸದ ಗುಣವೂ ಕಾರಣವೆಂಬುದನ್ನು ಮರೆತು ಇದನ್ನು ಬರಿಯ ದುರಭ್ಯಾಸವೆಂದು ಬದಿಗೆ ಸರಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಇಂಥ ಕೂಟಕ್ಕೆ ಒಗ್ಗುವ ಹಾಡಿನ ಪ್ರಕಾರಗಳು ಈ ಸೀಮೆಯಲ್ಲಿ ಸಮೃದ್ಧವಾಗಿದ್ದವು. ದಪ್ಪು, ತುಂತುಣಿ ಮತ್ತು ತಾಳಗಳೊಂದಿಗೆ ಹಾಡುವ ಗೀಗೀ ಪದ, ಸವಾಲು–ಜವಾಬಿನ ರೂಪದಲ್ಲಿ ಬೆಳೆಯುವ ಲಾವಣಿ, ಮೊಹರಮ್ಮಿನ ರಿವಾಯತ್ ಪದ, ಏಕತಾರಿಯ ತತ್ವಪದ ಇವು ಯಾವುವೂ ಪರದೆಯನ್ನಾಗಲಿ ಟಿಕೀಟನ್ನಾಗಲಿ ಬೇಡುವುದಿಲ್ಲ. ನಾಲ್ಕು ಜನ ಕೂಡುವ ಕಟ್ಟೆಯೊಂದಿದ್ದರೆ ಸಾಕು. ಕುಡಿತದ ಜಗತ್ತು ಮತ್ತು ಪದದ ಜಗತ್ತು ಒಂದನ್ನೊಂದು ಬಲ್ಲವು ಎಂಬುದಕ್ಕೆ ಹಳೆಯ ಸಾಕ್ಷ್ಯವೂ ಇದೆ. 12ನೆಯ ಶತಮಾನದ ಶರಣರಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದೊಂದಿಗೆ ಹೆಸರು ಬೆಸೆದುಕೊಂಡಿರುವ ಅಂಬಿಗರ ಚೌಡಯ್ಯನ ಜೊತೆಗೆ, ಹೆಂಡ ಮಾರುವುದನ್ನೇ ಕಾಯಕವಾಗಿಸಿಕೊಂಡಿದ್ದ ಹೆಂಡದ ಮಾರಯ್ಯನೂ ವಚನ ಬರೆದಿದ್ದಾನೆ. ಇಂದಿನ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಬಾಳಿದ ಸಂತ ಷರೀಫರು (1819–1889) ಹೊಗೆ ಸೇದುವ ಗುಡುಗುಡಿಯನ್ನೇ ರೂಪಕವಾಗಿಸಿ ತತ್ವಪದ ಕಟ್ಟಿದರು. ಅಮಲಿನ ವಸ್ತುವನ್ನು ಅರಿವಿನ ಮಾತಿಗೆ ಬಳಸಿಕೊಳ್ಳುವ ಈ ಧೈರ್ಯ ಬಂದದ್ದು ಜನರ ನಡುವೆಯೇ ಕುಳಿತು ಹಾಡಿದ್ದರಿಂದ.

ಕುಡಿತದ ಕೂಟಕ್ಕೂ ಹಾಡಿಗೂ ಇದ್ದ ಈ ಸಂಬಂಧವನ್ನು ಮೊದಲು ಸಡಿಲಗೊಳಿಸಿದ್ದು ಕಾನೂನು. ಹಾವೇರಿ ಸೀಮೆಯನ್ನು ಒಳಗೊಂಡಿದ್ದ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಗೆ 1878ರ ಮುಂಬಯಿ ಅಬಕಾರಿ ಕಾಯಿದೆ ಅನ್ವಯಿಸಿದ ಮೇಲೆ ರಸ ಇಳಿಸುವ ಮರಕ್ಕೆ ತೆರಿಗೆ ಬಿತ್ತು, ಮಾರುವ ಹಕ್ಕು ಹರಾಜಿಗೆ ಬಂತು. ಅತಿ ಹೆಚ್ಚು ಕೂಗಿದವನಿಗೆ ಒಂದು ಪ್ರದೇಶದ ಮಾರಾಟವನ್ನು ನಿಗದಿತ ಅವಧಿಗೆ ಒಪ್ಪಿಸುವ ಈ ವ್ಯವಸ್ಥೆಗೆ ಗುತ್ತಿಗೆ ಎಂದು ಹೆಸರು. ಮರ ಇಳಿಸುವ ಮನೆತನದ ಕೈಯಿಂದ ಅಂಗಡಿ ಹಣವಂತ ಗುತ್ತೇದಾರನ ಕೈಗೆ ಹೋದಾಗ, ತೆತ್ತ ಹಣವನ್ನು ಅವಧಿಯೊಳಗೆ ಮರಳಿ ಗಳಿಸುವ ಅವಸರವೂ ಅಂಗಡಿಯೊಳಗೆ ಬಂದಿತು.

1930ರ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಗಾಂಧೀಜಿ ಮದ್ಯದಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವ ಕೆಲಸವನ್ನು, ಎಂದರೆ ಗಿರಾಕಿಗಳನ್ನು ಬಾಗಿಲಲ್ಲೇ ತಡೆದು ಮನವೊಲಿಸುವುದನ್ನು, ವಿಶೇಷವಾಗಿ ಹೆಣ್ಣುಮಕ್ಕಳಿಗೆ ವಹಿಸಿದರು. ದಂಡಿ ಯಾತ್ರೆಯಲ್ಲಿ ಅವರೊಂದಿಗೆ ನಡೆದ ಮೈಲಾರ ಮಹಾದೇವ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಗುಂಡಿಗೆ ಬಲಿಯಾದರು. ಆ ಕಾಲದಲ್ಲಿ ಲಾವಣಿ, ಗೀಗೀ ಪದಗಳೇ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸ್ವಾತಂತ್ರ್ಯದ ಸುದ್ದಿಯನ್ನು ಒಯ್ದವು. ಕುಡಿತದ ಕೂಟಕ್ಕೆ ಒಗ್ಗುವ ಧಾಟಿಯೇ ಕುಡಿತವನ್ನು ಬಿಡಿಸುವ ಚಳವಳಿಗೂ ದುಡಿಯಿತೆಂಬುದು ಈ ಇತಿಹಾಸದ ಅತ್ಯಂತ ಮನನೀಯ ಸಂಗತಿ, ಏಕೆಂದರೆ ಹಾಡು ಎಂದೂ ಅಂಗಡಿಯ ಸೊತ್ತಾಗಿರಲಿಲ್ಲ.

ಮುಂಬಯಿ ಪಾನನಿರೋಧ ಕಾಯಿದೆ 1949ರಲ್ಲಿ ಬಂದು, ಮರುವರ್ಷ ಪೂರ್ಣ ಪಾನನಿರೋಧ ಜಾರಿಯಾದಾಗ ಪರವಾನಗಿಯ ಅಂಗಡಿಗಳು ಮುಚ್ಚಿದವು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1960ರ ದಶಕದ ಕೊನೆಯಲ್ಲಿ ರಾಜ್ಯ ಪಾನನಿರೋಧವನ್ನು ತೆಗೆದುಹಾಕಿತು. ಆದರೆ ಮತ್ತೆ ಮೇಲುಗೈ ಪಡೆದದ್ದು ಕೆಡದೆ ಉಳಿಯುವ ಸಾರಾಯಿ. ಅದು ಪ್ಲಾಸ್ಟಿಕ್ ಪಾಕೀಟಿಗೆ ಇಳಿದ ಮೇಲೆ ಕೂಡಿ ಕೂರುವ ಅಗತ್ಯವೇ ಉಳಿಯಲಿಲ್ಲ, ಕಿಸೆಯಲ್ಲಿಟ್ಟುಕೊಂಡು ಒಬ್ಬನೇ ಕುಡಿಯಬಹುದಾಯಿತು. ಈ ಪಾಕೀಟು ಬಡ ಮನೆಗಳಿಗೆ ತಂದ ಸಂಕಟ ದೊಡ್ಡದು, ಅದರ ವಿರುದ್ಧ ಹೆಣ್ಣುಮಕ್ಕಳು ಎತ್ತಿದ ದನಿ ನ್ಯಾಯವಾದದ್ದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು.

ಈ ಅಂಗಡಿಗಳ ಲೆಕ್ಕ ಅಬಕಾರಿ ದಫ್ತರಗಳಿಗೆ ಸೇರಿದ್ದು. ಅಲ್ಲಿನ ಕಾಳಜಿ ಮರದ ತೆರಿಗೆ, ಹರಾಜಿನ ಮೊತ್ತ, ಪರವಾನಗಿದಾರನ ಹೆಸರು. ಹಾಡಿದವರ ಗುರುತು ಬೇರೆಡೆ ಇದೆ: ಲಾವಣಿಕಾರ ತನ್ನ ಹೆಸರನ್ನೋ ಊರನ್ನೋ ಗುರುವನ್ನೋ ಪದದ ಕೊನೆಯ ನುಡಿಯಲ್ಲಿ ಸೇರಿಸುವುದು ರೂಢಿ. ಹಾವೇರಿ ಸೀಮೆಯ ಸ್ಥಳೀಯ ಇತಿಹಾಸ ಬರೆಯುವವರು ದಫ್ತರದ ಕಾಗದಗಳ ಪಕ್ಕದಲ್ಲಿ ಈ ಕೊನೆಯ ನುಡಿಗಳನ್ನೂ, ಮೇಳದ ಹಿರಿಯರು ಬದುಕಿರುವಾಗಲೇ, ಊರೂರಿಗೆ ಹೋಗಿ ಬರೆದಿಟ್ಟುಕೊಳ್ಳಬೇಕಾಗಿದೆ.