ಚಾಕು ನಿಷೇಧಿಸಿದರೆ ಇರಿತ ನಿಲ್ಲುತ್ತದೆಯೇ? ಬ್ರಿಟನ್ ಅನುಭವ ಹೇಳುವುದೇನು

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಆಗಾಗ ಓಡಾಡುತ್ತಿರುತ್ತವೆ. ಲಂಡನ್‌ನಲ್ಲಿ ಚಾಕುವನ್ನೇ ನಿಷೇಧಿಸಿದರೂ ಇರಿತ ಜಾಸ್ತಿಯಾಗಿದೆ, ಹಾಗಾಗಿ ಕಾನೂನಿನಿಂದ ಏನೂ ಆಗುವುದಿಲ್ಲ ಎನ್ನುವುದು ಒಂದು. ಬ್ರಿಟನ್‌ನಂಥ ಕಾನೂನು ಇಲ್ಲಿಗೂ ಬಂದರೆ ಯಾರೂ ಮಚ್ಚು ಮುಟ್ಟುವುದಿಲ್ಲ ಎನ್ನುವುದು ಇನ್ನೊಂದು. ಮಕ್ಕಳನ್ನು ಓದಲಿಕ್ಕೆ ಲಂಡನ್‌ಗೋ ಬರ್ಮಿಂಗ್‌ಹ್ಯಾಮ್‌ಗೋ ಕಳಿಸಿರುವ ಮನೆಗಳಲ್ಲಿ ಮೊದಲನೆಯ ಬಗೆಯ ಸಂದೇಶ ಅಪ್ಪ-ಅಮ್ಮನ ನಿದ್ದೆಯನ್ನೂ ಕೆಡಿಸುತ್ತದೆ.

ಎರಡನ್ನೂ ನಾವು ಲಭ್ಯವಿರುವ ಅಂಕಿಅಂಶ ಮತ್ತು ಅಧ್ಯಯನಗಳ ಜೊತೆ ಇಟ್ಟು ನೋಡಿದೆವು. ಎರಡೂ ನಿಲ್ಲುವುದಿಲ್ಲ.

ಬ್ರಿಟನ್ ಚಾಕುವನ್ನು ನಿಷೇಧಿಸಿದೆಯೇ?

ಇಲ್ಲ. ಅಲ್ಲಿ ಕಾನೂನು ಮೂರು ವಿಷಯಗಳನ್ನು ನಿಯಂತ್ರಿಸುತ್ತದೆ: ಸಾರ್ವಜನಿಕ ಜಾಗದಲ್ಲಿ ಚಾಕು ಒಯ್ಯುವುದು, ಮಕ್ಕಳಿಗೆ ಮಾರುವುದು ಮತ್ತು ಕೆಲವು ನಿರ್ದಿಷ್ಟ ಬಗೆಯ ಚಾಕುಗಳನ್ನು ಇಟ್ಟುಕೊಳ್ಳುವುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1988ರ ಕಾನೂನಿನ ಪ್ರಕಾರ ಸರಿಯಾದ ಕಾರಣವಿಲ್ಲದೆ ಚಾಕು ಹಿಡಿದು ಹೊರಗೆ ಓಡಾಡುವುದೇ ಅಪರಾಧ. 3 ಇಂಚಿಗಿಂತ ಚಿಕ್ಕ ಅಲಗಿನ ಮಡಚುವ ಪಾಕೆಟ್ ಚಾಕುವಿಗೆ ಮಾತ್ರ ವಿನಾಯಿತಿ. 18 ವರ್ಷದೊಳಗಿನವರಿಗೆ ಚಾಕು ಮಾರುವಂತಿಲ್ಲ.

ನಿಷೇಧಿತ ಚಾಕುಗಳ ಪಟ್ಟಿ ಮಾತ್ರ ಬೆಳೆಯುತ್ತಲೇ ಇದೆ. ಗುಂಡಿ ಒತ್ತಿದರೆ ಅಲಗು ಚಿಮ್ಮುವ ಚಾಕುಗಳ ಮಾರಾಟಕ್ಕೆ 1959ರಲ್ಲೇ ತಡೆ ಬಿತ್ತು. 2008ರಲ್ಲಿ ಬಾಗಿದ ಅಲಗಿನ ಸಮುರಾಯ್ ಕತ್ತಿಗಳು ಪಟ್ಟಿಗೆ ಸೇರಿದವು. 2016ರಲ್ಲಿ ಹಲ್ಲು ಹಲ್ಲಾದ ಅಲಗು, ಹಿಂಸೆಯ ಚಿತ್ರ ಅಥವಾ ಬರಹ ಇರುವ 'ಝೋಂಬಿ' ಚಾಕುಗಳು, 2024ರ ಸೆಪ್ಟೆಂಬರ್‌ನಲ್ಲಿ ಅದೇ ಮಾದರಿಯ ಇನ್ನಷ್ಟು ಚಾಕು ಮತ್ತು ಮಚ್ಚುಗಳು, 2025ರ ಆಗಸ್ಟ್‌ನಲ್ಲಿ 'ನಿಂಜಾ' ಕತ್ತಿಗಳು. ಯಾವುದಾದರೂ ಒಂದು ಘೋರ ಕೊಲೆಯಾದ ಮೇಲೆ ಪಟ್ಟಿಗೆ ಹೊಸ ಹೆಸರು ಸೇರುವುದು ಅಲ್ಲಿ ಒಂದು ರೂಢಿಯೇ ಆಗಿಬಿಟ್ಟಿದೆ ಎನ್ನಬಹುದು.

ಹಾಗಾದರೆ ಇರಿತ ಕಡಿಮೆಯಾಯಿತೇ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರು ದಾಖಲಿಸಿದ ಚಾಕು ಅಪರಾಧಗಳು 2010ರ ನಂತರ ಕೆಲವು ವರ್ಷ ಇಳಿದವು. 2014ರ ಸುಮಾರಿಗೆ ತಳ ಮುಟ್ಟಿ, ಆಮೇಲೆ 2020ರವರೆಗೆ ಏರುತ್ತಲೇ ಹೋದವು. ಎರಡನೇ ಬಾರಿ ಚಾಕು ಸಮೇತ ಸಿಕ್ಕಿಬಿದ್ದ ವಯಸ್ಕರಿಗೆ ಕನಿಷ್ಠ 6 ತಿಂಗಳು ಜೈಲು ಎಂಬ ನಿಯಮ ಬಂದದ್ದು 2015ರಲ್ಲಿ, ಅಂದರೆ ಏರಿಕೆ ಶುರುವಾದ ಹೊತ್ತಿಗೆ. ಕಾನೂನು ಬಿಗಿಯಾಗುತ್ತಿದ್ದ ವರ್ಷಗಳಲ್ಲೇ ಸಂಖ್ಯೆ ಇಳಿದೂ ಇದೆ, ಏರಿಯೂ ಇದೆ.

ಇದನ್ನೇ ಹಿಡಿದು 'ಕಾನೂನು ತಂದಿದ್ದಕ್ಕೇ ಇರಿತ ಹೆಚ್ಚಾಯಿತು' ಎಂದು ಹೇಳಲೂ ಬರುವುದಿಲ್ಲ. ಇರಿತ ಹೆಚ್ಚಿದಾಗ ಸರ್ಕಾರಗಳು ಕಾನೂನು ತರುತ್ತವೆ. ಮಳೆ ಬರುವ ಹೊತ್ತಿಗೆ ಕೊಡೆ ಬಿಚ್ಚುತ್ತೇವೆ ಎಂದ ಮಾತ್ರಕ್ಕೆ ಕೊಡೆಯಿಂದ ಮಳೆ ಬಂತು ಎನ್ನಲಾದೀತೇ?

ಇನ್ನೊಂದು ತೊಡಕು ಎಣಿಕೆಯದು. ಪೊಲೀಸರು ದಾಖಲಿಸುವ ರೀತಿ ಸುಧಾರಿಸಿದರೆ ಅಪರಾಧ ಹೆಚ್ಚಾದಂತೆ ಕಾಣುತ್ತದೆ. ಹೆಚ್ಚು ಜನರ ಜೇಬು ತಡಕಿದರೆ ಹೆಚ್ಚು ಚಾಕು ಸಿಗುತ್ತವೆ, ಪ್ರಕರಣಗಳೂ ಹೆಚ್ಚುತ್ತವೆ. ಅದಕ್ಕೇ ಸಂಶೋಧಕರು ಆಸ್ಪತ್ರೆ ಲೆಕ್ಕವನ್ನು ಹೆಚ್ಚು ನಂಬುತ್ತಾರೆ. ಇರಿತದ ಗಾಯವಾಗಿ ಆಸ್ಪತ್ರೆ ಸೇರಿದವನನ್ನು ಎಣಿಸಲು ಪೊಲೀಸ್ ನಿಯಮ ಬದಲಾಗಬೇಕಿಲ್ಲವಲ್ಲ! 2014ರ ನಂತರದ ಏರಿಕೆ ಆಸ್ಪತ್ರೆ ಲೆಕ್ಕದಲ್ಲೂ ಕಾಣಿಸಿತು. ಹಾಗಾಗಿ ಅದು ಬರೀ ಕಾಗದದ ಏರಿಕೆ ಆಗಿರಲಿಲ್ಲ.

2025ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ದಾಖಲಾದದ್ದು ಸುಮಾರು 53 ಸಾವಿರ ಪ್ರಕರಣ, ಹಿಂದಿನ ವರ್ಷಕ್ಕಿಂತ ಸುಮಾರು ಶೇ 1ರಷ್ಟು ಕಡಿಮೆ. ಆ ವರ್ಷ ಹೊಸ ನಿಷೇಧವೂ ಬಂದಿತ್ತು, ಚಾಕು ತೋರಿಸಿ ಮಾಡುವ ದರೋಡೆಗಳ ಮೇಲೆ ಪೊಲೀಸರ ವಿಶೇಷ ಕಾರ್ಯಾಚರಣೆಯೂ ಇತ್ತು. ಇಷ್ಟು ಸಣ್ಣ ಇಳಿಕೆಯನ್ನು ನಿಷೇಧದ ಖಾತೆಗೆ ಬರೆಯುವುದು ಆತುರ.

ಇನ್ನು 'ಲಂಡನ್ ಯುದ್ಧಭೂಮಿಯಾಗಿದೆ' ಎಂಬ ಮಾತಿನ ಬಗ್ಗೆ. 2018ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಲಂಡನ್‌ನ ಕೊಲೆಗಳ ಸಂಖ್ಯೆ ನ್ಯೂಯಾರ್ಕ್‌ನದ್ದನ್ನು ದಾಟಿತ್ತು. ಅದೇ ವರ್ಷ ಮೇನಲ್ಲಿ ಅಮೆರಿಕದ ಬಂದೂಕು ಮಾಲೀಕರ ಸಂಘದ ಸಭೆಯಲ್ಲಿ ಅಧ್ಯಕ್ಷ ಟ್ರಂಪ್ ಲಂಡನ್‌ನ ಆಸ್ಪತ್ರೆಯೊಂದನ್ನು ಯುದ್ಧವಲಯಕ್ಕೆ ಹೋಲಿಸಿದರು. ಎರಡು ತಿಂಗಳ ಆ ಲೆಕ್ಕ ಇವತ್ತಿಗೂ ಹೊಸ ಸುದ್ದಿಯಂತೆ ಫಾರ್ವರ್ಡ್ ಆಗುತ್ತಿದೆ. ವರ್ಷದ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಲಕ್ಷ ಜನರಿಗೆ ವರ್ಷಕ್ಕೆ ಸುಮಾರು 1 ಕೊಲೆ. ಭಾರತದಲ್ಲಿ ಎನ್‌ಸಿಆರ್‌ಬಿಯ 2022ರ ವರದಿ ಪ್ರಕಾರ 2.1. ಅಮೆರಿಕದಲ್ಲಿ 2023ರಲ್ಲಿ 5ಕ್ಕೂ ಹೆಚ್ಚು.

ಅಡುಗೆಮನೆಯ ಸಮಸ್ಯೆ

2024ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 570 ಹತ್ಯೆಗಳಾದವು. ಅವುಗಳಲ್ಲಿ 262 ಹರಿತವಾದ ಆಯುಧದಿಂದ ಆದವು. ಆ ಆಯುಧ ಯಾವುದು ಎಂದು ಗೊತ್ತಾದ ಪ್ರಕರಣಗಳಲ್ಲಿ ಮೊದಲ ಸ್ಥಾನ ಝೋಂಬಿ ಚಾಕುವಿಗೂ ಇಲ್ಲ, ಮಚ್ಚಿಗೂ ಇಲ್ಲ. ಈರುಳ್ಳಿ ಹೆಚ್ಚುವ ಚಾಕುವಿಗೆ.

ನಿಷೇಧದ ಮಿತಿ ಇರುವುದು ಇಲ್ಲೇ. 2006ರಲ್ಲಿ ಬ್ರಿಟನ್ ಸರ್ಕಾರ ಐದು ವಾರಗಳ ಅಭಿಯಾನ ನಡೆಸಿ, ಚಾಕು ತಂದೊಪ್ಪಿಸಿದರೆ ಕೇಸಿಲ್ಲ ಎಂದಿತು. ಸುಮಾರು 90 ಸಾವಿರ ಚಾಕು ಬಂದವು. ಪತ್ರಿಕೆಯ ಫೋಟೋದಲ್ಲಿ ಅದು ದೊಡ್ಡ ರಾಶಿ. ಆದರೆ ಆಗ ಅಲ್ಲಿ ಸುಮಾರು 2.2 ಕೋಟಿ ಮನೆಗಳಿದ್ದವು. ಮನೆಗೆ ಒಂದೇ ಚಾಕು ಎಂದುಕೊಂಡರೂ ಬಂದದ್ದು ಶೇ 0.4. ಲಂಡನ್ ಪೊಲೀಸರ ಲೆಕ್ಕದಲ್ಲಿ ಚಾಕು ಅಪರಾಧ ಸ್ವಲ್ಪ ಇಳಿದು, ಕೆಲವೇ ವಾರಗಳಲ್ಲಿ ಮೊದಲಿನ ಮಟ್ಟಕ್ಕೇ ಬಂದು ನಿಂತಿತು.

ಬಂದೂಕು ನಿಯಂತ್ರಣದ ಯಶಸ್ಸನ್ನು ಚಾಕುವಿಗೆ ಹೋಲಿಸುವವರು ಈ ವ್ಯತ್ಯಾಸ ಗಮನಿಸಬೇಕು. ಬಂದೂಕನ್ನು ಕಾರ್ಖಾನೆಯಿಂದ ಕೊಳ್ಳುವವನ ಕೈವರೆಗೆ ನಂಬರ್ ಹಾಕಿ ಹಿಂಬಾಲಿಸಬಹುದು. ಚಾಕುವನ್ನು ಹಾಗೆ ಹಿಂಬಾಲಿಸಲು ಆಗದು.

ಹಾಗಿದ್ದರೆ ಅಡುಗೆ ಚಾಕುವಿನ ಆಕಾರವನ್ನೇ ಬದಲಿಸಿದರೆ? ಕೇಳಿದರೆ ತಮಾಷೆ ಎನಿಸಬಹುದು, ಆದರೆ ಇದರ ಹಿಂದೆ ವಿಜ್ಞಾನವಿದೆ. ವಿಧಿವಿಜ್ಞಾನ ತಜ್ಞ ಬರ್ನಾರ್ಡ್ ನೈಟ್ 1975ರಲ್ಲೇ ತೋರಿಸಿದಂತೆ, ಇರಿತ ಎಷ್ಟು ಸುಲಭ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಚಾಕುವಿನ ತುದಿ. ಚರ್ಮ ಒಮ್ಮೆ ತೂತಾಯಿತೆಂದರೆ ಒಳಗೆ ಹೋಗಲು ಹೆಚ್ಚು ಬಲ ಬೇಕಿಲ್ಲ. 2005ರಲ್ಲಿ ಲಂಡನ್‌ನ ತುರ್ತು ಚಿಕಿತ್ಸಾ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಉದ್ದನೆಯ ಚೂಪು ತುದಿಯ ಅಡುಗೆ ಚಾಕುಗಳ ಮಾರಾಟವನ್ನೇ ನಿಲ್ಲಿಸಿ ಎಂದು ಬರೆದರು. ಅವರು ಹತ್ತು ಹೆಸರಾಂತ ಬಾಣಸಿಗರನ್ನು ಕೇಳಿ ನೋಡಿದ್ದರು. ಅಡುಗೆಗೆ ಚೂಪು ತುದಿ ಅನಿವಾರ್ಯ ಎಂದು ಅವರಾರೂ ಹೇಳಲಿಲ್ಲ. ನಮ್ಮ ಈಳಿಗೆಮಣೆಯಲ್ಲಿ ತಲೆಮಾರುಗಳಿಂದ ತರಕಾರಿ ಹೆಚ್ಚುತ್ತಿದ್ದೇವೆ, ಅದನ್ನು ಜೇಬಿನಲ್ಲಿಟ್ಟುಕೊಂಡು ಜಗಳಕ್ಕೆ ಹೋದವರಂತೂ ಇರಲಾರರು. ಮೊಂಡು ತುದಿಯ ಚಾಕುಗಳನ್ನು ಬ್ರಿಟನ್‌ನಲ್ಲಿ ಈಗ ಮಾರುತ್ತಾರೆ, ಆದರೆ ಕಡ್ಡಾಯವಲ್ಲ.

ಜೇಬು ತಡಕಿದರೆ?

2008ರಲ್ಲಿ ಲಂಡನ್ ಪೊಲೀಸರು 'ಬ್ಲಂಟ್ 2' ಎಂಬ ಕಾರ್ಯಾಚರಣೆ ಶುರುಮಾಡಿದರು. ಆಯ್ದ ಪ್ರದೇಶಗಳಲ್ಲಿ ಆಯುಧಕ್ಕಾಗಿ ಜನರನ್ನು ನಿಲ್ಲಿಸಿ ತಪಾಸಣೆ ಮಾಡುವುದು ಒಂದೇ ವರ್ಷದಲ್ಲಿ ಮೂರು ಪಟ್ಟಿಗೂ ಹೆಚ್ಚಾಯಿತು. 2016ರಲ್ಲಿ ಬ್ರಿಟನ್ ಗೃಹ ಇಲಾಖೆಯೇ ಪ್ರಕಟಿಸಿದ ಅಧ್ಯಯನ, ತಪಾಸಣೆ ತೀರಾ ಹೆಚ್ಚಿದ ಪ್ರದೇಶಗಳನ್ನೂ ಅಷ್ಟೇನೂ ಹೆಚ್ಚದ ಪ್ರದೇಶಗಳನ್ನೂ ಹೋಲಿಸಿತು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲಂಡನ್‌ನ ಹತ್ತು ವರ್ಷಗಳ ಮಾಹಿತಿ ಇಟ್ಟುಕೊಂಡು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ, ಹಿಂಸೆಯ ಮೇಲೆ ತಪಾಸಣೆಯ ಪರಿಣಾಮ ತೀರಾ ದುರ್ಬಲ ಎಂದಿತು.

ತಪಾಸಣೆಯೇ ಬೇಡ ಎಂಬುದು ಇದರ ಅರ್ಥವಲ್ಲ. ಅನುಮಾನಕ್ಕೆ ಗಟ್ಟಿ ಕಾರಣವಿದ್ದಾಗ ನಡೆಸಿದ ತಪಾಸಣೆ ಒಂದು ಜೀವ ಉಳಿಸಬಹುದು. ಸಂಖ್ಯೆಗಾಗಿ ಬೀದಿಯಲ್ಲಿ ಸಿಕ್ಕ ಹುಡುಗರನ್ನೆಲ್ಲ ನಿಲ್ಲಿಸುವುದು ಬೇರೆ. ಹಾಗೆ ನಿಲ್ಲಿಸಿದಾಗ ಕಪ್ಪು ಜನಾಂಗದ ಯುವಕರೇ ಹೆಚ್ಚು ಗುರಿಯಾಗುತ್ತಾರೆ ಎಂಬುದು ಅಲ್ಲಿನ ಸರ್ಕಾರಿ ಅಂಕಿಅಂಶದಲ್ಲೇ ಇದೆ. ಪೊಲೀಸರ ಮೇಲೆ ನಂಬಿಕೆ ಹೋದ ಬೀದಿಯಲ್ಲಿ ಸಾಕ್ಷಿ ಹೇಳಲು ಯಾರೂ ಮುಂದೆ ಬರುವುದಿಲ್ಲ.

ಗ್ಲಾಸ್ಗೋ ಏನು ಮಾಡಿತು?

ನಮಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಸ್ಕಾಟ್ಲೆಂಡ್. 2004–05ರಲ್ಲಿ ಅಲ್ಲಿ 130ಕ್ಕೂ ಹೆಚ್ಚು ಹತ್ಯೆಗಳಾಗಿದ್ದವು. ಗ್ಲಾಸ್ಗೋ ನಗರಕ್ಕೆ ಯುರೋಪಿನ ಕೊಲೆ ರಾಜಧಾನಿ ಎಂಬ ಹೆಸರೇ ಬಿದ್ದಿತ್ತು. 2005ರಲ್ಲಿ ಅಲ್ಲಿನ ಪೊಲೀಸ್ ಇಲಾಖೆಯ ಕ್ಯಾರಿನ್ ಮೆಕ್‌ಕ್ಲಸ್ಕಿ ಮತ್ತು ಜಾನ್ ಕಾರ್ನೊಕನ್ ಹಿಂಸೆ ತಗ್ಗಿಸುವುದಕ್ಕೆಂದೇ ಒಂದು ಘಟಕ ಕಟ್ಟಿದರು. ಅವರ ದೃಷ್ಟಿಯಲ್ಲಿ ಹಿಂಸೆ ಸಾಂಕ್ರಾಮಿಕ ರೋಗದಂತೆ ಹರಡುವಂಥದ್ದು. ಯಾರಿಂದ ಯಾರಿಗೆ, ಎಲ್ಲಿಂದ ಎಲ್ಲಿಗೆ ಹರಡುತ್ತದೆ ಎಂದು ಹುಡುಕಿ ಅಲ್ಲಿ ತಡೆಯಬೇಕು.

2008ರಲ್ಲಿ ಗ್ಯಾಂಗ್ ಹುಡುಗರನ್ನು ಗ್ಲಾಸ್ಗೋ ನ್ಯಾಯಾಲಯಕ್ಕೆ ಕರೆಸಿದರು, ವಿಚಾರಣೆಗೆ ಅಲ್ಲ, ಮಾತು ಕೇಳಿಸಲಿಕ್ಕೆ. ಒಂದು ಕಡೆ ಪೊಲೀಸರು, ನಿಮ್ಮಲ್ಲಿ ಒಬ್ಬ ಚಾಕು ಎತ್ತಿದರೂ ಇಡೀ ಗುಂಪಿನ ಬೆನ್ನು ಹತ್ತುತ್ತೇವೆ ಎಂದರು. ಇನ್ನೊಂದು ಕಡೆ ಮಗನನ್ನು ಕಳೆದುಕೊಂಡ ತಾಯಿ, ಇರಿತದ ಗಾಯ ಹೊಲಿಯುವ ವೈದ್ಯರು ಮಾತಾಡಿದರು. ಕೊನೆಗೆ ಒಂದು ಫೋನ್ ನಂಬರ್: ಬಿಡಬೇಕು ಅನ್ನಿಸಿದರೆ ಕರೆ ಮಾಡಿ, ಕೆಲಸ, ತರಬೇತಿ, ಕುಡಿತ ಬಿಡಿಸುವ ನೆರವು ಕೊಡುತ್ತೇವೆ. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸೇರಿಕೊಂಡ ಹುಡುಗರಲ್ಲಿ ಆಯುಧ ಒಯ್ಯುವ ಅಪರಾಧ ಶೇ 84ರಷ್ಟು ಇಳಿಯಿತು. ಸೇರದ, ಆದರೆ ಅಂಥದ್ದೇ ಹಿನ್ನೆಲೆಯ ಹುಡುಗರಲ್ಲೂ ಶೇ 40ರಷ್ಟು ಇಳಿದಿತ್ತು. ಹಾಗಾಗಿ ಯೋಜನೆಯ ನಿಜವಾದ ಕೊಡುಗೆ ಈ ಎರಡರ ನಡುವಿನ ಅಂತರವೇ ಹೊರತು ಪೂರ್ತಿ 84 ಅಲ್ಲ. ಹಂಚಿಕೊಳ್ಳುವ ಪೋಸ್ಟರ್‌ಗಳಲ್ಲಿ ಈ 40 ಸಾಮಾನ್ಯವಾಗಿ ಕಾಣೆಯಾಗುತ್ತದೆ.

2022–23ರಲ್ಲಿ ಸ್ಕಾಟ್ಲೆಂಡ್‌ನ ಹತ್ಯೆಗಳ ಸಂಖ್ಯೆ 52ಕ್ಕೆ ಬಂದಿತ್ತು. ಹಾಗೆಂದು ಅಲ್ಲಿ ಕಾನೂನು ಸಡಿಲವಾಗಿತ್ತು ಎಂದುಕೊಳ್ಳಬೇಡಿ. ಇದೇ ಅವಧಿಯಲ್ಲಿ ಚಾಕು ಒಯ್ಯುವುದಕ್ಕೆ ಗರಿಷ್ಠ ಶಿಕ್ಷೆ 2 ವರ್ಷದಿಂದ 4ಕ್ಕೆ, 2016ರಲ್ಲಿ 5ಕ್ಕೆ ಏರಿತು. ಗದರಿಕೆಯೂ ನೆರವೂ ಒಟ್ಟಿಗೇ ಇದ್ದವು. ನಮ್ಮ ಓದಿನಲ್ಲಿ, ಗದರಿಕೆ ಒಂದೇ ಇದ್ದ ಕಡೆ ಇಂಥ ಇಳಿಕೆ ಕಾಣಲಿಲ್ಲ.

ಸಣ್ಣ ಮಾಹಿತಿ, ದೊಡ್ಡ ಉಪಯೋಗ

ಲಂಡನ್‌ನ ಒಂದು ದೊಡ್ಡ ಆಸ್ಪತ್ರೆಗೆ 2004ರಿಂದ 2014ರವರೆಗೆ ಇರಿತದ ಗಾಯದಿಂದ ಬಂದ 25 ವರ್ಷದೊಳಗಿನ 1,824 ಜನರ ವಿವರವನ್ನು ವೈದ್ಯರು ಪರಿಶೀಲಿಸಿದರು. 16 ವರ್ಷದೊಳಗಿನವರು ಹೆಚ್ಚಾಗಿ ಗಾಯಗೊಂಡದ್ದು ನಡುರಾತ್ರಿ ಅಲ್ಲ, ಸಂಜೆ 4ರಿಂದ 6ರ ನಡುವೆ, ಶಾಲೆ ಬಿಟ್ಟ ಹೊತ್ತಿನಲ್ಲಿ. ಆ ಹೊತ್ತಿಗೆ ಆ ದಾರಿಗಳಲ್ಲಿ ದೊಡ್ಡವರೊಬ್ಬರು ನಿಂತಿರಬೇಕು, ಶಾಲೆಗಳು ಬೇರೆ ಬೇರೆ ಸಮಯಕ್ಕೆ ಬಿಡಬೇಕು ಎಂಬ ಸಲಹೆ ಅದರಿಂದ ಬಂತು. ಇದಕ್ಕೆ ಸಂಸತ್ತು ಕೂಡಬೇಕಾಗಿಲ್ಲ.

ವೇಲ್ಸ್‌ನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಪರ್ಡ್ ಎಂಬ ಮುಖ-ದವಡೆ ಶಸ್ತ್ರಚಿಕಿತ್ಸಕರು, ಹಲ್ಲೆಗೊಳಗಾಗಿ ಆಸ್ಪತ್ರೆಗೆ ಬರುವ ಎಷ್ಟೋ ಜನ ಪೊಲೀಸರ ಲೆಕ್ಕಕ್ಕೇ ಸಿಗುವುದಿಲ್ಲ ಎಂದು ಕಂಡುಕೊಂಡರು. ಹೆಸರು ಬಿಟ್ಟು, ಎಲ್ಲಿ, ಯಾವಾಗ, ಯಾವುದರಿಂದ ಎಂಬಷ್ಟನ್ನೇ ಆಸ್ಪತ್ರೆ ಪೊಲೀಸರಿಗೆ ಕೊಡತೊಡಗಿತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂಸೆಯಿಂದ ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ ಅಂಥದ್ದೇ ಬೇರೆ ನಗರಗಳಿಗೆ ಹೋಲಿಸಿದರೆ ಶೇ 42ರಷ್ಟು ಕಡಿಮೆಯಾಗಿತ್ತು.

ನಮ್ಮಲ್ಲಿ ಕಾನೂನು ಏನಿದೆ?

ಭಾರತದಲ್ಲಿ 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳಿವೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಚಾಕು, ಕತ್ತಿಗಳು ಆಯುಧದ ಪಟ್ಟಿಯಲ್ಲಿವೆ. ಆದರೆ ಮನೆ, ಕೃಷಿ, ಕೈಗಾರಿಕೆಯ ಕೆಲಸಕ್ಕೆಂದೇ ಮಾಡಿದವು ಆ ಪಟ್ಟಿಯಿಂದ ಹೊರಗೆ. ಎಳನೀರು ಕೆತ್ತುವ ಮಚ್ಚು ಅಂಗಡಿಯಲ್ಲಿ ಧಾರಾಳವಾಗಿ ಸಿಗುವುದು ಅದಕ್ಕೇ. ಸಿನಿಮಾ ಶೈಲಿಯಲ್ಲಿ ಲಾಂಗು ಬೀಸುತ್ತಾ ರೀಲ್ಸ್ ಮಾಡಿದವರ ಮೇಲೆ ಇದೇ ಕಾಯ್ದೆಯಡಿ ಬೆಂಗಳೂರಿನಲ್ಲಿ ಪ್ರಕರಣ ದಾಖಲಾಗಿದ್ದೂ ಇದೆ. ಎಂದರೆ ಕಾನೂನೇ ಇಲ್ಲ ಎನ್ನುವ ಫಾರ್ವರ್ಡ್ ಕೂಡ ಸರಿಯಲ್ಲ.

ಬ್ರಿಟನ್‌ನಲ್ಲಿ ಮಕ್ಕಳಿರುವವರಿಗೆ

ಭಯಕ್ಕೆ ಮಗನ ಬ್ಯಾಗಿನಲ್ಲಿ ಒಂದು ಚಾಕು ಇಟ್ಟು ಕಳಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇಂಗ್ಲೆಂಡ್‌ನಲ್ಲಿ ಅದಕ್ಕೆ 4 ವರ್ಷದವರೆಗೆ ಜೈಲು ಆಗಬಹುದು, ಆತ್ಮರಕ್ಷಣೆಗೆ ಇಟ್ಟುಕೊಂಡಿದ್ದೆ ಎಂಬ ಕಾರಣವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮಗಳಿಗೆ ಪೆಪ್ಪರ್ ಸ್ಪ್ರೇ ಕೊಟ್ಟು ಕಳಿಸುವವರೂ ಗಮನಿಸಿ: ಇಲ್ಲಿ ಅಂಗಡಿಯಲ್ಲಿ ಸಿಗುವ ಆ ಡಬ್ಬಿ ಅಲ್ಲಿ ಬಂದೂಕು ಕಾಯ್ದೆಯಡಿ ನಿಷೇಧಿತ ಆಯುಧ. ಅಡುಗೆಗೆ ಚಾಕು ಬೇಕಾದರೆ ಅಲ್ಲೇ ಕೊಳ್ಳಲಿ. ಅಂಗಡಿಯವರು ವಯಸ್ಸಿನ ಪುರಾವೆ ಕೇಳಿದರೆ ಗಾಬರಿಯಾಗಬೇಕಿಲ್ಲ, ಚಿಕ್ಕ ವಯಸ್ಸಿನವರಂತೆ ಕಾಣುವವರನ್ನು ಸಾಮಾನ್ಯವಾಗಿ ಕೇಳುತ್ತಾರೆ. ಪ್ಯಾಕ್ ಬಿಚ್ಚದೆ, ಬಿಲ್ ಸಮೇತ ನೇರ ಮನೆಗೆ ಒಯ್ಯಲಿ.